ಇದ್ದೂ ಇಲ್ಲದ ಸಭಾಸದರು

ಪಾಠಶಾಲೆಯಲ್ಲಿ ಹಾಜರಿ ಹಿಡಿಯುವಾಗ ಉಪಾಧ್ಯಾಯನಿಗೆ ಒಮ್ಮೊಮ್ಮೆ ಒಂದು ವಿನೋದವು ಎದುರಾಗುವುದುಂಟು. ಹೆಸರು ಕೂಗಿದರೆ ಹುಡುಗನಿಂದ ಉತ್ತರವಿಲ್ಲ. ತಲೆಯೆತ್ತಿ ನೋಡಿದರೆ ಮೂರನೆಯ ಬೆಂಚಿನ ಮೇಲೆ ಗಲ್ಲಕ್ಕೆ ಕೈಕೊಟ್ಟು ಕುಳಿತೇ ಇರುತ್ತಾನೆ. ಕೋಪವೋ, ಹಟವೋ, ನಿದ್ರೆಯೋ, ಅಂತೂ ಮೌನ. ಅಂಥವನನ್ನು ಹಾಜರೆಂದು ಬರೆಯಬೇಕೆ, ಗೈರುಹಾಜರೆಂದು ಬರೆಯಬೇಕೆ ಎಂದು ನಾನು ನನ್ನ ಉದ್ಯೋಗಕಾಲದಲ್ಲಿ ಒಂದು ದಿನವೂ ಶಂಕಿಸಿದವನಲ್ಲ. ಕಣ್ಣಿಗೆ ಕಂಡವನು ಹಾಜರು. ಆದರೆ ಇದೇ ಪ್ರಶ್ನೆಯು ಒಂದು ದೊಡ್ಡ ದೇಶದ ಶಾಸನಸಭೆಯಲ್ಲಿ ಅರ್ಧ ಶತಮಾನಕ್ಕೂ ಮಿಕ್ಕ ಕಾಲ ಇತ್ಯರ್ಥವಾಗದೆ ನಿಂತಿದ್ದಿತು. ಇತ್ಯರ್ಥವಾದ ದಿನ ವಿದ್ಯಾವಂತರೂ ವಯೋವೃದ್ಧರೂ ಆದ ಮಹನೀಯರು ಸಂತೆಯ ಜಗಳಗಂಟರಂತೆ ಕೂಗಾಡಿದರು. ಆ ವೃತ್ತಾಂತವನ್ನೂ, ಅದಕ್ಕೆ ಕಾರಣನಾದ ಪುರುಷನಿಗೆ ಕಡೆಯಲ್ಲಿ ಬಂದ ಗತಿಯನ್ನೂ ಇಲ್ಲಿ ನಿವೇದಿಸುತ್ತೇನೆ.

ದೇಶವು ಅಮೆರಿಕಾ ಸಂಯುಕ್ತ ಸಂಸ್ಥಾನ. ಅಲ್ಲಿಯ ಶಾಸನಸಭೆಗೆ ಕಾಂಗ್ರೆಸ್ ಎಂದು ಹೆಸರು. ಅದರಲ್ಲಿ ಎರಡು ಸದನಗಳು: ಪ್ರಜೆಗಳು ನೇರವಾಗಿ ಆರಿಸಿ ಕಳುಹಿಸುವ ಪ್ರತಿನಿಧಿಸಭೆಯೊಂದು, ಸಂಸ್ಥಾನಕ್ಕೆ ಇಬ್ಬರಂತೆ ಕೂಡುವ ಸೆನೆಟ್ ಎಂಬುದು ಇನ್ನೊಂದು. ಪ್ರತಿನಿಧಿಸಭೆಯ ಅಧ್ಯಕ್ಷನಿಗೆ ಸ್ಪೀಕರ್ ಎಂದು ಹೆಸರು. ಇಂಗ್ಲೆಂಡಿನ ಸ್ಪೀಕರನು ಪಕ್ಷವನ್ನು ಬಿಟ್ಟು ಮಧ್ಯಸ್ಥನಾಗುತ್ತಾನೆ; ಅಮೆರಿಕದ ಸ್ಪೀಕರನು ಹಾಗಲ್ಲ, ಬಹುಮತದ ಪಕ್ಷಕ್ಕೆ ಅವನು ನಾಯಕನೂ ಹೌದು. ಈ ಭೇದವನ್ನು ವಾಚಕರು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಸಭೆಯ ಸದಸ್ಯರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಕೂಡಿದ ಹೊರತು ಕಾರ್ಯ ನಡೆಯಕೂಡದೆಂದು ಆ ದೇಶದ ರಾಜ್ಯಾಂಗದಲ್ಲಿ ವಿಧಿಯಿದೆ. ಇದಕ್ಕೆ ಕೋರಂ ಎನ್ನುತ್ತಾರೆ. ಗಣಪೂರ್ತಿ ಎಂಬುದು ನಮ್ಮ ಮಾತು. ಈ ಮಾತು ಹೊಸದಾಗಿ ಹುಟ್ಟಿಸಿದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ಬೌದ್ಧರ ವಿನಯಗ್ರಂಥಗಳಲ್ಲಿ ಸಂಘದ ಕಾರ್ಯಕ್ಕೆ ಬೇಕಾದ ಭಿಕ್ಷುಗಳ ಸಂಖ್ಯೆಯನ್ನು ತುಂಬಿಕೊಡುವವನಿಗೆ ಗಣಪೂರಕನೆಂಬ ಹೆಸರು ಉಂಟು. ಆ ಭಿಕ್ಷುಗಳಿಗೆ ತಿಳಿಯದ ಒಂದು ಉಪಾಯವನ್ನು ಅಮೆರಿಕದ ಸಭಾಸದರು ಕಂಡುಹಿಡಿದರು.

ಉಪಾಯವು ಇಷ್ಟೆ. ಅಲ್ಪಮತದ ಪಕ್ಷಕ್ಕೆ ಒಂದು ಮಸೂದೆ ಬೇಡವಾಗಿದೆಯೆಂದು ಇಟ್ಟುಕೊಳ್ಳೋಣ. ವಿರೋಧವಾಗಿ ಮತ ಕೊಟ್ಟರೆ ಸೋಲು ನಿಶ್ಚಯ. ಆದುದರಿಂದ ಅವರು ಮತವನ್ನೇ ಕೊಡದೆ ತಮ್ಮ ಪೀಠಗಳಲ್ಲಿ ಸುಮ್ಮನೆ ಕುಳಿತುಬಿಡುವರು. ಗುಮಾಸ್ತನು ಹೆಸರುಗಳನ್ನು ಒಂದೊಂದಾಗಿ ಕೂಗಿ ಬರೆದುಕೊಂಡ ಮತಗಳನ್ನು ಕೂಡಿ ನೋಡಿದರೆ ಸಂಖ್ಯೆ ಅರ್ಧಕ್ಕೆ ಮುಟ್ಟದು. ಒಡನೆಯೇ ಮೌನವ್ರತಿಗಳಲ್ಲಿ ಒಬ್ಬನು ಎದ್ದು ‘ಕೋರಂ ಇಲ್ಲ!’ ಎಂದು ಗರ್ಜಿಸುವನು. ಮತ ಕೊಡುವುದಕ್ಕೆ ಇಲ್ಲದವನು ಆಕ್ಷೇಪಿಸುವುದಕ್ಕೆ ಇದ್ದಾನೆ! ಊಟದ ಪಂಕ್ತಿಯಲ್ಲಿ ಎಲೆಯ ಮುಂದೆ ಕುಳಿತವನು ‘ನಾನು ಇನ್ನೂ ಬಂದಿಲ್ಲ, ಬಡಿಸಕೂಡದು’ ಎಂದು ಹೇಳಿದಂತಾಯಿತು. ಈ ಮಾರ್ಗವನ್ನು ಮೊದಲು ತೋರಿಸಿದವನು ಸಾಮಾನ್ಯನಲ್ಲ. ರಾಷ್ಟ್ರಾಧ್ಯಕ್ಷನಾಗಿದ್ದು ಆಮೇಲೆ ಪ್ರತಿನಿಧಿಸಭೆಗೆ ಬಂದು ಕುಳಿತ ಜಾನ್ ಕ್ವಿನ್ಸಿ ಆಡಮ್ಸನು 1832ರಲ್ಲಿ ಮತ ಕೊಡಲಾರೆನೆಂದು ಕುಳಿತು ದಾರಿ ಹಾಕಿದನು. ಅಂದಿನಿಂದ ಎರಡು ಪಕ್ಷಗಳವರೂ ತಮಗೆ ಬೇಕಾದಾಗ ಇದನ್ನು ಹೊಗಳಿ, ಬೇಡವಾದಾಗ ತೆಗಳಿ, ಎಂದಿಗೂ ಬಿಡದೆ ಇಟ್ಟುಕೊಂಡು ಬಂದರು. ಇದರ ಜೊತೆಗೆ ಸಭೆಯನ್ನು ಮುಂದಕ್ಕೆ ಹಾಕಬೇಕೆಂಬ ಸೂಚನೆ, ಅದಕ್ಕೆ ತಿದ್ದುಪಡಿ, ಮತ್ತೆ ಹೆಸರು ಕೂಗುವಿಕೆ, ಹೀಗೆ ಕಾಲಹರಣದ ಸಾಧನಗಳು ಹಲವಿದ್ದವು. 1888ರ ಏಪ್ರಿಲಿನಲ್ಲಿ ಒಂದು ತೆರಿಗೆಯನ್ನು ಹಿಂದಿರುಗಿಸುವ ಮಸೂದೆಯನ್ನು ತಡೆಯುವುದಕ್ಕಾಗಿ ಎಂಟು ದಿನಗಳ ಕಾಲ ಸಭೆಯಲ್ಲಿ ಹೆಸರು ಕೂಗುವುದಲ್ಲದೆ ಬೇರೆ ಕೆಲಸವೇ ನಡೆಯಲಿಲ್ಲವೆಂದರೆ ವಾಚಕರು ಆಶ್ಚರ್ಯಪಡಬಹುದು.

ಆ ಕಾಲದ ಎರಡು ಪಕ್ಷಗಳ ವಿಷಯವಾಗಿ ಒಂದೆರಡು ಮಾತು ಅವಶ್ಯಕ. 1861ರಿಂದ 1865ರ ವರೆಗೆ ಗುಲಾಮಗಿರಿಯ ನಿಮಿತ್ತವಾಗಿ ನಡೆದ ಅಂತರ್ಯುದ್ಧದಲ್ಲಿ ಲಿಂಕನನ ಪಕ್ಷವಾಗಿದ್ದುದು ರಿಪಬ್ಲಿಕನ್ ಪಕ್ಷ. ಉತ್ತರದ ಸಂಸ್ಥಾನಗಳಲ್ಲಿ ಅದಕ್ಕೆ ಬಲ. ದಕ್ಷಿಣದ ಬಿಳಿಯರ ಪಕ್ಷ ಡೆಮೊಕ್ರಾಟಿಕ್ ಪಕ್ಷ. ಹೆಸರುಗಳು ಇಂದಿಗೂ ಅವೇ ಆದರೂ ಪಕ್ಷಗಳ ಸ್ವಭಾವವು ಈಗ ಬಹುಮಟ್ಟಿಗೆ ತಿರುಗುಮುರುಗಾಗಿದೆ. ಹೆಸರನ್ನು ನೋಡಿ ಅಂದಿನದನ್ನು ಇಂದಿಗೆ ಆರೋಪಿಸಕೂಡದು. ಯುದ್ಧಾನಂತರ ವಿಮುಕ್ತರಾದ ಕರಿಯರಿಗೆ ಕಾಯಿದೆಯಿಂದ ಮತದ ಹಕ್ಕು ದೊರೆತಿದ್ದರೂ ದಕ್ಷಿಣದ ಅನೇಕ ಕಡೆಗಳಲ್ಲಿ ಬೆದರಿಕೆಯಿಂದಲೂ ಎಣಿಕೆಯ ಮೋಸದಿಂದಲೂ ಆ ಹಕ್ಕು ಬರಿಯ ಕಾಗದದ ಮೇಲೆ ಉಳಿದಿದ್ದಿತು.

ಇನ್ನು ಕಥಾನಾಯಕನ ವಿಚಾರ. ಥಾಮಸ್ ಬ್ರಾಕೆಟ್ ರೀಡ್ ಎಂಬಾತನು 1839ರಲ್ಲಿ ಈಶಾನ್ಯ ಮೂಲೆಯ ಮೇನ್ ಸಂಸ್ಥಾನದ ಪೋರ್ಟ್‌ಲೆಂಡ್ ಪಟ್ಟಣದಲ್ಲಿ ಹುಟ್ಟಿದನು. ವಕೀಲನಾಗಿದ್ದು 1877ರಲ್ಲಿ ಪ್ರತಿನಿಧಿಸಭೆಯನ್ನು ಪ್ರವೇಶಿಸಿದನು. ಆರಡಿಗೂ ಮಿಕ್ಕ ಎತ್ತರ, ಅದಕ್ಕೆ ತಕ್ಕ ಸ್ಥೂಲಕಾಯ, ಮಗುವಿನಂಥ ದುಂಡುಮುಖ, ನಿಧಾನವಾದ ಎಳೆಮಾತು. ಆ ಎಳೆಮಾತಿನಲ್ಲಿಯೇ ಎದುರಾಳಿಯನ್ನು ಒಂದು ವಾಕ್ಯದಲ್ಲಿ ಕೂರಿಸಿಬಿಡುವ ಶಕ್ತಿ. ಒಂದು ಪಕ್ಷವು ಆಳುವುದು, ಇನ್ನೊಂದು ಪಕ್ಷವು ಕಾದು ನೋಡುವುದು, ಇದೇ ಉತ್ತಮವಾದ ಪದ್ಧತಿಯೆಂದೂ, ಆಳುವವರು ತಾವಾಗಿ ನೋಡುವವರು ಡೆಮೊಕ್ರಾಟರಾದರೆ ಇನ್ನೂ ಉತ್ತಮವೆಂದೂ ಆತನು ಹಾಸ್ಯವಾಗಿ ಹೇಳಿದ್ದುಂಟು. ಹಾಸ್ಯವೆಂದೆನಷ್ಟೆ, ಮೊದಲ ಭಾಗವು ಹಾಸ್ಯವಾಗಿರಲಿಲ್ಲ. ಅಧಿಕಾರವೂ ಹೊಣೆಯೂ ಒಂದೇ ಕಡೆ ಇರಬೇಕು. ಚುನಾವಣೆಯಲ್ಲಿ ಗೆದ್ದವನು ತಾನು ಹೇಳಿದ್ದನ್ನು ಮಾಡಿ ತೋರಿಸಲಿ, ಜನರಿಗೆ ಒಪ್ಪದಿದ್ದರೆ ಮುಂದಿನ ಚುನಾವಣೆಯಲ್ಲಿ ತೆಗೆದುಹಾಕಲಿ ಎಂಬುದು ಆತನ ದೃಢವಾದ ಮತ.

ಈ ಮತವು ಆತನಿಗೆ ಹುಟ್ಟಿನೊಡನೆ ಬಂದದ್ದೇನೂ ಅಲ್ಲ. 1880ರಲ್ಲಿ ವರ್ಜೀನಿಯದ ಟಕ್ಕರ್ ಎಂಬ ಡೆಮೊಕ್ರಾಟನು, ಸಭೆಯಲ್ಲಿದ್ದು ಮತ ಕೊಡದವರನ್ನೂ ಎಣಿಸಬೇಕೆಂದು ನಿಯಮ ತರಲು ಯತ್ನಿಸಿದಾಗ, ಅದನ್ನು ವಿರೋಧಿಸಿ ಮಾತನಾಡಿದವನು ಇದೇ ರೀಡ್! ಅಲ್ಪಮತದವರಿಗೆ ದೇಶದ ಗಮನವನ್ನು ಸೆಳೆಯಲು ಮೌನವೇ ಅಮೂಲ್ಯವಾದ ಸಾಧನವೆಂದು ಆಗ ಆತನ ವಾದ. ಆಗ ಆತನ ಪಕ್ಷವು ಅಲ್ಪಮತದಲ್ಲಿತ್ತೆಂಬುದನ್ನು ಹೇಳಬೇಕಾಗಿಲ್ಲವಷ್ಟೆ. ಹತ್ತು ವರ್ಷಗಳ ತರುವಾಯ ಎದುರುಪಕ್ಷದವರು ಈ ಭಾಷಣವನ್ನು ಹುಡುಕಿ ತೆಗೆದು ಆತನ ಮುಖಕ್ಕೆ ಹಿಡಿದರು.

1888ರ ಚುನಾವಣೆಯಲ್ಲಿ ರಿಪಬ್ಲಿಕನರಿಗೆ ಪ್ರತಿನಿಧಿಸಭೆಯಲ್ಲಿ ಕೆಲವೇ ಮಂದಿಯ ಹೆಚ್ಚಳ ದೊರೆಯಿತು. 1889ರ ಡಿಸೆಂಬರ್ 2ರಂದು ಸಭೆ ಸೇರಿದಾಗ ರೀಡನು ಹಿಂದಿನ ಸ್ಪೀಕರ್ ಕಾರ್ಲೈಲನಿಗೆ ಎದುರಾಗಿ 166ಕ್ಕೆ 154 ಮತಗಳಿಂದ ಸ್ಪೀಕರನಾದನು. ಅದಕ್ಕೆ ಮೊದಲು ಸ್ವಪಕ್ಷದ ಸಭೆಯಲ್ಲಿ ಓಹಿಯೋದ ಮೆಕಿನ್ಲಿ, ಇಲ್ಲಿನಾಯಿಯ ಕ್ಯಾನನ್ ಮೊದಲಾದವರನ್ನು ಸೋಲಿಸಬೇಕಾಯಿತು. ಮೆಕಿನ್ಲಿಯ ಹೆಸರನ್ನು ವಾಚಕರು ಮರೆಯದಿರಲಿ. ಇಷ್ಟು ತೆಳುವಾದ ಬಹುಮತದಲ್ಲಿ ಇಬ್ಬರಿಗೆ ಜ್ವರ ಬಂದು ಮೂವರು ಊರಿಗೆ ಹೋದರೆ ಗಣಪೂರ್ತಿಯಾಗದು. ಎದುರಿನವರು ಮೌನ ವಹಿಸಿದರೆಂದರೆ ಎರಡು ವರ್ಷವೂ ಶೂನ್ಯ. ಈ ಗಂಟನ್ನು ಕಡಿದೇಬಿಡುವೆನೆಂದು ರೀಡನು ಮನಸ್ಸಿನಲ್ಲಿ ನಿಶ್ಚಯಿಸಿದನು. ತನ್ನವರೇ ಕೈಬಿಟ್ಟ ಪಕ್ಷದಲ್ಲಿ ಸ್ಪೀಕರ್ ಪದವಿಯನ್ನೂ ಸದಸ್ಯತ್ವವನ್ನೂ ಬಿಟ್ಟು ನ್ಯೂಯಾರ್ಕಿನಲ್ಲಿ ವಕೀಲಿಗೆ ಹೋಗುವುದೆಂದು ಸಿದ್ಧನಾಗಿಯೇ ಇದ್ದನು.

1890ರ ಜನವರಿ 29ರಂದು ಸಂದರ್ಭ ಒದಗಿತು. ಪಶ್ಚಿಮ ವರ್ಜೀನಿಯದ ಒಂದು ಸ್ಥಾನಕ್ಕೆ ಜಾಕ್ಸನ್ ಎಂಬ ಡೆಮೊಕ್ರಾಟನೂ ಸ್ಮಿತ್ ಎಂಬ ರಿಪಬ್ಲಿಕನನೂ ಹಕ್ಕು ಹೂಡಿದ್ದರು. ವಿವಾದವನ್ನು ವಿಚಾರಣೆಗೆ ತೆಗೆದುಕೊಳ್ಳಬೇಕೆ ಎಂಬ ಪ್ರಶ್ನೆಗೆ ಮತ ಕೇಳಲಾಗಿ ಪರವಾಗಿ 161, ವಿರೋಧವಾಗಿ 2, ಮತ ಕೊಡದವರು 165. ಬೇಕಾದ ಗಣಸಂಖ್ಯೆಯೂ 165, ಎರಡು ಕಡಮೆ. ಜಾರ್ಜಿಯದ ಚಾರ್ಲ್ಸ್ ಕ್ರಿಸ್ಪನು ವಾಡಿಕೆಯಂತೆ ಎದ್ದು ಕೋರಂ ಇಲ್ಲವೆಂದನು. ಐವತ್ತೆಂಟು ವರ್ಷಗಳ ರೂಢಿಯಂತೆ ಸ್ಪೀಕರನು ಹೌದೆಂದು ತಲೆದೂಗಬೇಕಾಗಿತ್ತು. ರೀಡನು ಹಾಗೆ ಮಾಡಲಿಲ್ಲ. ‘ಹಾಜರಿದ್ದು ಮತ ಕೊಡಲೊಪ್ಪದ ಈ ಕೆಳಗಿನ ಸದಸ್ಯರ ಹೆಸರುಗಳನ್ನು ಗುಮಾಸ್ತನು ಬರೆದುಕೊಳ್ಳತಕ್ಕದ್ದು’ ಎಂದು ಹೇಳಿ, ಎದುರಿಗೆ ಕುಳಿತವರ ಹೆಸರುಗಳನ್ನು ಒಂದೊಂದಾಗಿ ಓದತೊಡಗಿದನು.

ಬಳಿಕ ನಡೆದುದನ್ನು ಸಭೆಯೆನ್ನಲಾಗದು. ಹೆಸರು ಕರೆಸಿಕೊಂಡವರೆಲ್ಲರೂ ಎದ್ದುನಿಂತು ತಾವು ಇಲ್ಲವೆಂದು ಸಾರಿದರು. ಕೆಂಟಕಿಯ ಮೆಕ್ರೀರಿ ಎಂಬಾತನು, ತನ್ನನ್ನು ಹಾಜರೆಂದು ಎಣಿಸಲು ಸ್ಪೀಕರನಿಗೆ ಅಧಿಕಾರವಿಲ್ಲವೆಂದು ಕೂಗಿದನು. ರೀಡನು ತನ್ನ ಎಳೆಮಾತಿನಲ್ಲಿ, ‘ಕೆಂಟಕಿಯ ಮಹನೀಯರು ಹಾಜರಿದ್ದಾರೆಂಬ ವಾಸ್ತವಾಂಶವನ್ನಷ್ಟೆ ಪೀಠವು ಹೇಳುತ್ತಿದೆ, ಅವರು ಅದನ್ನು ಅಲ್ಲಗಳೆಯುವರೋ?’ ಎಂದು ಕೇಳಿದನು. ನ್ಯಾಯಶಾಸ್ತ್ರವನ್ನೋದಿದವರಿಗೆ ಇದರ ಸೊಗಸು ತಿಳಿಯುತ್ತದೆ. ‘ನಾನಿಲ್ಲ’ ಎಂಬ ವಾಕ್ಯವನ್ನು ಉಚ್ಚರಿಸುವುದರಿಂದಲೇ ಆ ವಾಕ್ಯವು ಸುಳ್ಳಾಗುತ್ತದೆ; ನನ್ನ ನಾಲಗೆ ನನಗಿಲ್ಲವೆಂದು ಹೇಳಿದಂತೆ ವ್ಯಾಘಾತ. ಆದರೆ ಕೋಪಗೊಂಡವರಿಗೆ ತರ್ಕವೆಲ್ಲಿಯದು? ಮಿಸೂರಿಯ ಬ್ಲಾಂಡ್ ಎಂಬಾತನು ಸ್ಪೀಕರನನ್ನು ಪ್ರಜಾಪೀಡಕನೆಂದು ಬೈದನು. ಅಂತರ್ಯುದ್ಧದಲ್ಲಿ ದಕ್ಷಿಣದ ಅಶ್ವಸೇನೆಯನ್ನು ನಡೆಸಿದ್ದ ವೃದ್ಧ ಸೇನಾನಿ ವೀಲರನು ಹಿಂದಿನ ಸಾಲಿನಿಂದ ಒಂದು ಮೇಜಿನಿಂದ ಇನ್ನೊಂದಕ್ಕೆ ಹಾರುತ್ತ ಮುಂದೆ ಬಂದನು. ರೀಡನು ಮಾತ್ರ ಗೋಡೆಯಂತೆ ನಿಂತು ಪಟ್ಟಿಯನ್ನು ಓದಿ ಮುಗಿಸಿ, ಗಣಪೂರ್ತಿಯಾಗಿದೆಯೆಂದು ತೀರ್ಪು ಕೊಟ್ಟನು. ತೀರ್ಪಿನ ಮೇಲೆ ಕ್ರಿಸ್ಪನು ಸಭೆಗೆ ಅಪೀಲು ಮಾಡಿದನು. ಆ ಅಪೀಲಿನ ಮತದಾನದಲ್ಲಿಯೂ ಡೆಮೊಕ್ರಾಟರು ಮೌನ. ಆ ಮೌನವನ್ನೂ ರೀಡನು ಎಣಿಸಿದನು.

ಗಲಭೆ ದಿನಗಟ್ಟಲೆ ನಡೆಯಿತು. ಸ್ವಪಕ್ಷದವರಲ್ಲಿ ಒಬ್ಬನೂ ಆತನನ್ನು ಬಿಟ್ಟು ಹೋಗಲಿಲ್ಲವೆಂಬುದು ಗಮನಾರ್ಹ. ಕಡೆಗೆ ಹೊರಗಿದ್ದವರನ್ನೂ ಕಾಯಿಲೆ ಬಿದ್ದವರನ್ನೂ ಕರೆಸಿ, ತಮ್ಮ ಮತಗಳಿಂದಲೇ ಗಣಪೂರ್ತಿ ಮಾಡಿ, ಫೆಬ್ರುವರಿ 3ರಂದು ಸ್ಮಿತ್ತನಿಗೆ ಸ್ಥಾನ ಕೊಟ್ಟರು. ಫೆಬ್ರುವರಿ 14ರಂದು ಹೊಸ ನಿಯಮಾವಳಿಯು 161ಕ್ಕೆ 144 ಮತಗಳಿಂದ ಅಂಗೀಕೃತವಾಯಿತು. ಹಾಜರಿದ್ದವನನ್ನು ಎಣಿಸುವುದು, ಕಾಲಹರಣದ ಸೂಚನೆಗಳನ್ನು ಸ್ಪೀಕರನು ತಳ್ಳಿಹಾಕುವುದು, ಇವೇ ಅದರ ತಿರುಳು. ಜನರು ಇವಕ್ಕೆ ರೀಡನ ನಿಯಮಗಳೆಂದು ಹೆಸರಿಟ್ಟರು; ರೀಡನಿಗೆ ರಷ್ಯದ ಚಕ್ರವರ್ತಿಯ ಬಿರುದಾದ ‘ಜಾರ್’ ಎಂಬ ಹೆಸರು ಬಂದಿತು. ಅದೇ ವರ್ಷ ಮುಂದೊಂದು ದಿನ, ಸದಸ್ಯರು ನುಸುಳಿಹೋಗದಂತೆ ಬಾಗಿಲು ಹಾಕಿಸಿದ್ದಾಗ, ಟೆಕ್ಸಾಸಿನ ಕಿಲ್ಗೋರ್ ಎಂಬಾತನು ಅದನ್ನು ಒದ್ದು ತೆರೆದು ಹೊರನಡೆದನು.

ಬಿರುದು ಸುಳ್ಳೂ ಅಲ್ಲ. ಸಮಿತಿಗಳಿಗೆಲ್ಲ ಸದಸ್ಯರನ್ನು ನೇಮಿಸುವವನು ಸ್ಪೀಕರನು. ಯಾವ ಮಸೂದೆ ಎಂದು, ಎಷ್ಟು ಹೊತ್ತು ಚರ್ಚೆಗೆ ಬರಬೇಕೆಂದು ಗೊತ್ತುಮಾಡುವ ನಿಯಮಸಮಿತಿಗೆ ಅಧ್ಯಕ್ಷನೂ ಅವನೇ. ಆ ಸಮಿತಿಯಲ್ಲಿ ಐವರು: ರೀಡ್, ಮೆಕಿನ್ಲಿ, ಕ್ಯಾನನ್, ಮತ್ತು ಇಬ್ಬರು ಡೆಮೊಕ್ರಾಟರು. ಮೂವರು ಮೊದಲೇ ಕೂಡಿ ಎಲ್ಲವನ್ನೂ ನಿರ್ಣಯಿಸಿ ಬರೆದಿಟ್ಟು, ಆಮೇಲೆ ಇಬ್ಬರನ್ನು ಕರೆಸುತ್ತಿದ್ದರು. ರೀಡನು ಕಾಗದವನ್ನು ಅವರ ಕೈಗಿತ್ತು, ತಾವು ಮೂವರು ಮುಂದೆ ಮಾಡಲಿರುವ ಅನ್ಯಾಯವು ಇದೆಂದು ಗಂಭೀರವಾಗಿ ತಿಳಿಸುತ್ತಿದ್ದನಂತೆ. ನಗು ಬರುತ್ತದೆ, ನಿಜ. ಆದರೆ ಆ ಇಬ್ಬರನ್ನು ಆರಿಸಿ ಕಳುಹಿಸಿದ ಜನರ ಸ್ಥಾನದಲ್ಲಿ ನಿಂತು ನೋಡಿದರೆ ಅಷ್ಟಾಗಿ ನಗು ಬಾರದು.

ಹಾಗಾದರೆ ಈ ಬಲವನ್ನು ಯಾವುದಕ್ಕೆ ಬಳಸಿದರು? ವ್ಯಾಪಾರದ ಏಕಸ್ವಾಮ್ಯವನ್ನು ತಡೆಯುವ ಷರ್ಮನ್ ಕಾಯಿದೆ, ಆಮದಿನ ಮೇಲೆ ಸುಂಕವನ್ನು ಬಹಳವಾಗಿ ಏರಿಸಿದ ಮೆಕಿನ್ಲಿಯ ಕಾಯಿದೆ, ಎರಡೂ 1890ರವು. ಅವನ್ನು ಇಲ್ಲಿ ಬಿಡುತ್ತೇನೆ. ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ್ದು ಜಾನ್ ಮರ್ಸರ್ ಲಾಂಗ್‌ಸ್ಟನ್ ಎಂಬ ವ್ಯಕ್ತಿಯ ವಿಷಯ. ಈತನು 1829ರಲ್ಲಿ ವರ್ಜೀನಿಯದಲ್ಲಿ ಹುಟ್ಟಿದವನು. ತಂದೆ ಬಿಳಿಯ ಜಮೀನುದಾರ, ತಾಯಿ ದಾಸ್ಯದಿಂದ ಬಿಡುಗಡೆ ಪಡೆದ ಹೆಂಗಸು. ವಿದ್ಯೆ ಕಲಿತು ವಕೀಲನಾಗಿ, ವಾಷಿಂಗ್ಟನ್ನಿನ ಹವರ್ಡ್ ವಿಶ್ವವಿದ್ಯಾನಿಲಯದಲ್ಲಿ ನ್ಯಾಯಶಾಸ್ತ್ರ ವಿಭಾಗದ ಮುಖ್ಯಸ್ಥನಾಗಿ, ಹೈಟಿ ದೇಶಕ್ಕೆ ರಾಯಭಾರಿಯಾಗಿ ಬಂದವನು. 1888ರಲ್ಲಿ ವರ್ಜೀನಿಯದಿಂದ ಪ್ರತಿನಿಧಿಸಭೆಗೆ ನಿಂತಾಗ ಎದುರಾಳಿಯೇ ಗೆದ್ದನೆಂದು ಘೋಷಿಸಲಾಯಿತು. ಮತದಲ್ಲಿ ಮೋಸವಾಗಿದೆಯೆಂದು ಲಾಂಗ್‌ಸ್ಟನ್ನನು ಸಭೆಗೆ ಮೊರೆಯಿಟ್ಟನು. ಆತನ ಪ್ರಕರಣ ಬಂದಾಗ ಡೆಮೊಕ್ರಾಟರು ಮೌನವಾಗಿ ಕುಳಿತುಕೊಳ್ಳುವುದನ್ನು ಬಿಟ್ಟು ಎದ್ದೇ ಹೊರಟರು, ಏಕೆಂದರೆ ಕುಳಿತರೆ ರೀಡನು ಎಣಿಸುತ್ತಾನೆ! ಆದರೂ 1890ರ ಸೆಪ್ಟೆಂಬರ್ 23ರಂದು ಆತನಿಗೆ ಸ್ಥಾನ ದೊರೆಯಿತು. ಮರುದಿನ ದಕ್ಷಿಣ ಕೆರೊಲಿನದ ಥಾಮಸ್ ಮಿಲ್ಲರ್ ಎಂಬ ಇನ್ನೊಬ್ಬ ಕರಿಯ ಪ್ರತಿನಿಧಿಗೂ ದೊರೆಯಿತು. ಎರಡು ವರ್ಷಗಳ ಅವಧಿಯಲ್ಲಿ ಇವರಿಗೆ ಉಳಿದದ್ದು ಐದಾರು ತಿಂಗಳು.

ಒಬ್ಬಿಬ್ಬರಿಗೆ ಸ್ಥಾನ ಕೊಡಿಸಿದರೆ ರೋಗ ವಾಸಿಯಾಗದೆಂದು ಮಾಸಚೂಸೆಟ್ಸಿನ ಹೆನ್ರಿ ಕ್ಯಾಬಟ್ ಲಾಡ್ಜನು ಒಂದು ಮಸೂದೆಯನ್ನು ತಂದನು. ಕಾಂಗ್ರೆಸ್ಸಿನ ಚುನಾವಣೆಗಳನ್ನು ಕೇಂದ್ರ ಸರ್ಕಾರದ ಅಧಿಕಾರಿಗಳು ನೋಡಿಕೊಳ್ಳಬೇಕೆಂಬುದು ಅದರ ಉದ್ದೇಶ. ಪ್ರತಿನಿಧಿಸಭೆಯಲ್ಲಿ 1890ರ ಜುಲೈ 2ರಂದು 155ಕ್ಕೆ 149 ಮತಗಳಿಂದ ಅದು ಗೆದ್ದಿತು. ಆರು ಮತಗಳ ಅಂತರ! ಹಳೆಯ ಪದ್ಧತಿಯಿದ್ದಿದ್ದರೆ ಮಸೂದೆಯು ಮತದಾನದ ವರೆಗೂ ಬರುತ್ತಿರಲಿಲ್ಲ. ಆದರೆ ಸೆನೆಟಿನಲ್ಲಿ ರೀಡನಂಥವನಿರಲಿಲ್ಲ. ಚರ್ಚೆಯನ್ನು ನಿಲ್ಲಿಸುವ ನಿಯಮವೇ ಅಲ್ಲಿರಲಿಲ್ಲ, ಅದು ಬಂದದ್ದು 1917ರಲ್ಲಿ. ವಿರೋಧಿಗಳು ಮಾತನಾಡಿ ಮಾತನಾಡಿ ದಿನಗಳನ್ನು ಕಳೆದರು. ಬೆಳ್ಳಿಯ ನಾಣ್ಯದ ವಿಷಯದಲ್ಲಿ ಹೆಚ್ಚು ಆಸಕ್ತರಾಗಿದ್ದ ಕೆಲವು ರಿಪಬ್ಲಿಕನ್ ಸೆನೆಟರು ಅವರೊಡನೆ ಕೂಡಿದರು. 1891ರ ಜನವರಿಯಲ್ಲಿ ಮಸೂದೆಯನ್ನು ಬದಿಗಿಡಲಾಯಿತು. ಅಷ್ಟರಲ್ಲಿ ಮಿಸಿಸಿಪಿ ಸಂಸ್ಥಾನವು ಕರಿಯರ ಮತವನ್ನು ಕಸಿಯುವ ಹೊಸ ರಾಜ್ಯಾಂಗವನ್ನು 1890ರ ನವೆಂಬರಿನಲ್ಲಿ ಮಾಡಿಕೊಂಡಿದ್ದಿತು. ದಕ್ಷಿಣದ ಇತರ ಸಂಸ್ಥಾನಗಳು ಒಂದೊಂದಾಗಿ ಅದನ್ನನುಸರಿಸಿದವು. 1901ರಿಂದ 1929ರ ವರೆಗೆ ಕಾಂಗ್ರೆಸ್ಸಿನಲ್ಲಿ ಒಬ್ಬನೇ ಒಬ್ಬ ಕರಿಯ ಸದಸ್ಯನಿರಲಿಲ್ಲ. ಮತದ ಹಕ್ಕನ್ನು ಬಲವಾಗಿ ಕಾಯುವ ಕಾಯಿದೆಯಾದದ್ದು 1965ರಲ್ಲಿ. ಅಲ್ಪಮತದವರ ಹಕ್ಕೆಂದು ಸಭೆಯೊಳಗೆ ಕೂಗಿದವರು, ಸಭೆಯ ಹೊರಗೆ ತಮ್ಮ ಊರಿನ ಅಲ್ಪಬಲರ ಹಕ್ಕನ್ನು ಏನು ಮಾಡಿದರೆಂಬುದನ್ನು ಈ ಲೆಕ್ಕದಲ್ಲಿ ಸೇರಿಸದೆ ರೀಡನನ್ನು ತೂಗಲಾಗದು. ಹಾಗೆಂದು, ವಿವಾದದ ಸ್ಥಾನಗಳಲ್ಲಿ ಬಹುಮತದ ಪಕ್ಷವೇ ವಾದಿಯೂ ನ್ಯಾಯಾಧೀಶನೂ ಆಗುವುದು ಶುದ್ಧವಾದ ಪದ್ಧತಿಯೆಂದು ನಾನು ಹೇಳಲಾರೆ.

ಆತನ ನಂಬಿಕೆಯಂತೆ ಜನರು ತೀರ್ಪು ಕೊಟ್ಟರು. ಅದು ಆತನಿಗೆ ವಿರುದ್ಧವಾಗಿದ್ದಿತು. ಮುಖ್ಯವಾಗಿ ಸುಂಕದ ಬಾಧೆಯಿಂದ 1890ರ ನವೆಂಬರ್ ಚುನಾವಣೆಯಲ್ಲಿ ರಿಪಬ್ಲಿಕನರು ತೊಂಬತ್ತಕ್ಕಿಂತ ಕಡಮೆ ಮಂದಿಗೆ ಇಳಿದರು. ಕ್ರಿಸ್ಪನು ಸ್ಪೀಕರನಾದನು, ರೀಡನ ನಿಯಮಗಳು ರದ್ದಾದವು. ಈ ಮಧ್ಯೆ 1892ರಲ್ಲಿ ಉಣ್ಣೆಬಟ್ಟೆಯ ಸುಂಕಕ್ಕೆ ಸಂಬಂಧಿಸಿದ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. ಆ ಸುಂಕದ ಕಾಯಿದೆಗೆ ಬಿದ್ದ ಮತಗಳು 138 ಮಾತ್ರ. ಮೌನವಾಗಿದ್ದ 74 ಮಂದಿಯನ್ನು ರೀಡನು ಎಣಿಸಿ ಗಣಪೂರ್ತಿ ಮಾಡಿದ್ದನು. ಸಭೆಯು ತನ್ನ ನಿಯಮಗಳನ್ನು ತಾನೇ ಮಾಡಿಕೊಳ್ಳಬಹುದು, ಇದ್ದವರನ್ನು ಎಣಿಸುವುದು ರಾಜ್ಯಾಂಗಕ್ಕೆ ವಿರೋಧವಲ್ಲವೆಂದು ನ್ಯಾಯಾಧೀಶರು ಒಮ್ಮತದಿಂದ ತೀರ್ಮಾನಿಸಿದರು.

ಅನಂತರದ ಪ್ರಸಂಗವು ನಾಟಕದ ಅಂಕದಂತಿದೆ. ಡೆಮೊಕ್ರಾಟರಿಗೆ ದೊಡ್ಡ ಬಹುಮತವಿದ್ದರೂ ಅವರಲ್ಲಿ ಅನೇಕರು ಸಭೆಗೆ ಬರುತ್ತಿರಲಿಲ್ಲ. ಅಲ್ಪಮತದ ನಾಯಕನಾಗಿದ್ದ ರೀಡನು ಹಳೆಯ ಅಸ್ತ್ರವನ್ನು ಕೈಗೆತ್ತಿಕೊಂಡನು. ತನ್ನವರಿಗೆ ಮೌನವನ್ನು ವಿಧಿಸಿದನು. ದಿನದಿನವೂ ಕೋರಂ ಇಲ್ಲ, ದಿನದಿನವೂ ಕೆಲಸವಿಲ್ಲ. ಬೇಸತ್ತ ಡೆಮೊಕ್ರಾಟರು 1894ರ ಏಪ್ರಿಲ್ 17ರಂದು, ಹಾಜರಿದ್ದವರನ್ನು ಎಣಿಸುವ ನಿಯಮವನ್ನು ತಾವೇ ಅಂಗೀಕರಿಸಿದರು. ಯಾವ ಕ್ರಿಸ್ಪನು ಅಂದು ಕೋರಂ ಇಲ್ಲವೆಂದು ಕೂಗಿದ್ದನೋ ಆತನೇ ಈಗ ಪೀಠದಲ್ಲಿದ್ದನು. ರೀಡನು ದೀರ್ಘವಾದ ಭಾಷಣವನ್ನೇನೂ ಮಾಡಲಿಲ್ಲ. ಈ ದೃಶ್ಯವೇ ತನ್ನ ಯಾವ ಮಾತಿಗಿಂತಲೂ ಮಿಗಿಲಾದ ಭಾಷಣವೆಂದು ಹೇಳಿ, ಸಭೆಯನ್ನು ಅಭಿನಂದಿಸಿ ಕುಳಿತನು. ಮುಂದಿನ ವರ್ಷ ಬಹುಮತವು ಮರಳಲು ಮತ್ತೆ ಸ್ಪೀಕರನಾದನು.

ಇಲ್ಲಿಗೆ ಕಥೆ ಮುಗಿದಿದ್ದರೆ ಅದು ವಿಜಯಗಾಥೆಯಾಗುತ್ತಿತ್ತು. 1896ರಲ್ಲಿ ರಾಷ್ಟ್ರಾಧ್ಯಕ್ಷ ಪದವಿಗೆ ಪಕ್ಷದ ಅಭ್ಯರ್ಥಿಯಾಗಲು ಆತನು ಬಯಸಿದನು. ಪಕ್ಷದ ಮಹಾಸಭೆಯಲ್ಲಿ ಆತನಿಗೆ ಬಂದ ಮತಗಳು 84½; ಮೆಕಿನ್ಲಿಗೆ 661½. ಸ್ಪೀಕರ್ ಪದವಿಗೆ ತಾನು ಸೋಲಿಸಿದ್ದವನೇ ಈಗ ದೇಶದ ಅಧ್ಯಕ್ಷ. 1898ರಲ್ಲಿ ಕ್ಯೂಬಾ ದ್ವೀಪದ ನಿಮಿತ್ತ ಸ್ಪೇನಿನೊಡನೆ ಯುದ್ಧ ಮಾಡಬೇಕೆಂಬ ಉನ್ಮಾದವು ಪಕ್ಷವನ್ನು ಹಿಡಿಯಿತು. ರೀಡನಿಗೆ ಯುದ್ಧವೂ ಬೇಡ, ಪರದೇಶಗಳನ್ನು ಆಳುವ ಆಸೆಯೂ ಹಿಡಿಸದು. ಸದಸ್ಯರನ್ನು ತಡೆಯಬಾರದೇ ಎಂದು ಯಾರೋ ಹೇಳಿಕಳುಹಿಸಿದಾಗ, ಬಯಲಿನ ನಡುವೆ ನಿಂತು ಬಿರುಗಾಳಿಗೆ ಬುದ್ಧಿ ಹೇಳೆಂದ ಹಾಗಾಯಿತೆಂದನಂತೆ. ಯುದ್ಧಕ್ಕೆ ವಿರೋಧವಾಗಿ ಮತ ಕೊಟ್ಟಿದ್ದ ಬೆರಳೆಣಿಕೆಯ ಸದಸ್ಯರಲ್ಲಿ ಒಬ್ಬನಿಗೆ ಆತನು ಹೇಳಿದ ಮಾತು ಇನ್ನೂ ಮನಮುಟ್ಟುವಂಥದು: ಆ ಮತವನ್ನು ಕೊಡುವ ಭಾಗ್ಯಕ್ಕಾಗಿ ನಿಮ್ಮನ್ನು ಕಂಡು ಅಸೂಯೆಯಾಗುತ್ತದೆ, ನಾನಿದ್ದ ಸ್ಥಾನದಲ್ಲಿ ಅದು ಸಾಧ್ಯವಿರಲಿಲ್ಲ.

ಬಹುಮತದ ಇಚ್ಛೆಗೆ ಯಾರೂ ಅಡ್ಡ ನಿಲ್ಲಕೂಡದೆಂಬ ಯಂತ್ರವನ್ನು ಕಟ್ಟಿದವನು ತಾನೇ; ಈಗ ಬಹುಮತವು ತನಗೆ ಸಲ್ಲದ ದಾರಿ ಹಿಡಿದಾಗ ಆ ಯಂತ್ರವನ್ನು ನಿಲ್ಲಿಸುವ ಕೀಲು ಆತನ ಕೈಯಲ್ಲಿರಲಿಲ್ಲ. ಹವಾಯಿ ದ್ವೀಪಗಳನ್ನು ಸೇರಿಸಿಕೊಳ್ಳುವ ನಿರ್ಣಯವನ್ನು ಸ್ಪೀಕರನ ಅಧಿಕಾರದಿಂದ ಕೆಲವು ಕಾಲ ತಡೆದು ನೋಡಿದನು; ಪಕ್ಷದ ಒತ್ತಾಯವು ಹೆಚ್ಚಲು ಬಿಟ್ಟುಕೊಟ್ಟನು. 1898ರ ಜೂನ್ 15ರಂದು ಆ ನಿರ್ಣಯವು 209ಕ್ಕೆ 91 ಮತಗಳಿಂದ ಗೆದ್ದ ದಿನ ಆತನು ಪೀಠದಲ್ಲಿರಲಿಲ್ಲ. ಸ್ಪೀಕರನು ಹಾಜರಿದ್ದಿದ್ದರೆ ವಿರೋಧವಾಗಿ ಮತ ಕೊಡುತ್ತಿದ್ದನೆಂದು ಆತನ ಬದಲಿಗೆ ಕುಳಿತಿದ್ದವನು ಸಭೆಗೆ ತಿಳಿಸಿದನು. ಎಲ್ಲರ ಹಾಜರಿಯನ್ನು ಎಣಿಸಿದವನ ಹೆಸರು ಅಂದು ಗೈರುಹಾಜರಿಯಲ್ಲಿ ಸೇರಿತು. ವರ್ಷ ತುಂಬುವುದರೊಳಗೆ ಫಿಲಿಪೈನ್ ದ್ವೀಪಗಳೂ ಎರಡು ಕೋಟಿ ಡಾಲರುಗಳಿಗೆ ಅಮೆರಿಕದ ಪಾಲಾದವು.

ಸಭೆಯಲ್ಲಿ ಎದ್ದುನಿಂತು ಪಕ್ಷವನ್ನು ಬೈದು ಬಿಡುವವನಲ್ಲ ಆತನು. 1899ರ ಸೆಪ್ಟೆಂಬರ್ 4ರಂದು, ಸಭೆ ಸೇರದಿದ್ದ ಕಾಲದಲ್ಲಿ, ಸದಸ್ಯತ್ವಕ್ಕೆ ರಾಜೀನಾಮೆ ಕೊಟ್ಟು ನ್ಯೂಯಾರ್ಕಿಗೆ ಹೋಗಿ ವಕೀಲಿ ಹಿಡಿದನು. ಒಂಬತ್ತು ವರ್ಷಗಳ ಹಿಂದೆ ಸೋತರೆ ಮಾಡುವೆನೆಂದುಕೊಂಡಿದ್ದುದನ್ನು ಗೆದ್ದಮೇಲೆ ಮಾಡಿದನು. 1902ರ ಡಿಸೆಂಬರ್ 7ರಂದು, ಯಾವುದೋ ಕಾರ್ಯನಿಮಿತ್ತ ವಾಷಿಂಗ್ಟನ್ನಿಗೆ ಬಂದಿದ್ದಾಗ, ಅಲ್ಲಿಯೇ ತೀರಿಕೊಂಡನು. ಆತನು ಬಿಟ್ಟ ಪೀಠದಲ್ಲಿ 1899ರ ಡಿಸೆಂಬರಿನಲ್ಲಿ ಅಯೋವಾದ ಹೆಂಡರ್ಸನ್ ಎಂಬಾತನು ಕುಳಿತನು. ಸಭೆಯು ರೀಡನ ನಿಯಮಗಳಂತೆಯೇ ನಡೆಯಿತು.